ಬೇಸ್‌ಮೆಂಟಿನ ಕಪ್ಪು ರಸ್ತೆ

ಹೋದ ಶ್ರಾವಣದಲ್ಲಿ ನನ್ನ ಹೊಲಿಗೆ ಯಂತ್ರದ ಮೋಟಾರು ಸುಟ್ಟಿತು. ಹಿಂದಿನ ಓಣಿಯ ಮದುಮಗಳೊಬ್ಬಳ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದೆ. ಯಂತ್ರ ಒಮ್ಮೆ ಗುರ್ ಎಂದು ನಿಂತಿತು, ಆಮೇಲೆ ಪಕ್ಕದಿಂದ ಸಣ್ಣಗೆ ಹೊಗೆ ಎದ್ದಿತು. ಮೋಟಾರಿನೊಳಗಿನ ತಾಮ್ರದ ತಂತಿಯ ಮೇಲಿನ ವಾರ್ನಿಷ್ ಸುಟ್ಟಾಗ ಬರುವ ವಾಸನೆ ಬೇರೆ ಯಾವುದರ ಹಾಗೂ ಇರುವುದಿಲ್ಲ. ಮೂಗಿಗಿಂತ ಮೊದಲು ಗಂಟಲಿಗೆ ಹತ್ತುತ್ತದೆ. ಹಳೆಯ ವಾಸನೆ ಬಂದರೆ ಕೆಲವರಿಗೆ ಕಣ್ಣು ಒದ್ದೆಯಾಗುತ್ತದಂತೆ, ಮನಸ್ಸು ಮೆತ್ತಗಾಗುತ್ತದಂತೆ. ನನಗೆ ಹಾಗೇನೂ ಆಗಲಿಲ್ಲ. ಮೈಯೆಲ್ಲ ಉರಿಯಿತು.

ಹಾಲಿನಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡನ ಮೂಗಿಗೂ ಅದು ಬಡಿಯಿತು. ಜೀವಮಾನವೆಲ್ಲ ಮೋಟಾರು ಕಟ್ಟಿದ ಮನುಷ್ಯ, ಎದ್ದು ಬಂದು ನೋಡುವ ಅಗತ್ಯವೂ ಅವರಿಗೆ ಇರಲಿಲ್ಲ.

"ವೈಂಡಿಂಗ್ ಹೋತು. ಬಿಚ್ಚಿಡು, ಕಟ್ಟಿಕೊಡ್ತೇನಿ," ಎಂದರು ಕುಳಿತಲ್ಲಿಂದಲೇ.

"ಏನೂ ಬ್ಯಾಡ. ಅಂಗಡಿಗೆ ಕೊಡ್ತೇನಿ," ಎಂದೆ.

ಒಂದು ಸಣ್ಣ ಮೋಟಾರಿನ ವಿಷಯಕ್ಕೆ ಈ ವಯಸ್ಸಿನಲ್ಲಿ ಇಷ್ಟು ಬಿಗುಮಾನ ಯಾಕೆ ಎಂದು ಮಗಳು ಫೋನಿನಲ್ಲಿ ನಕ್ಕಳು. ಅವಳಿಗೆ ನಗು ಬರುತ್ತದೆ. ತೊಂಬತ್ತರ ದಶಕ ಮುಗಿಯಲು ಬಂದಿದ್ದ ಆ ಒಂದು ಮಳೆಗಾಲದಲ್ಲಿ ಅವಳು ಸಾಲಿಗೆ ಹೋಗುವ ಹುಡುಗಿ, ಮತ್ತು ಅಪ್ಪನ ಪಕ್ಷ.

ಕೇಶ್ವಾಪುರದ ನಮ್ಮ ಪ್ಲಾಟು ರಸ್ತೆಗಿಂತ ತಗ್ಗಿನಲ್ಲಿತ್ತು. ಮಣ್ಣು ತುಂಬಿಸುವ ಬದಲು ಕೆಳಗೊಂದು ಬೇಸ್‌ಮೆಂಟ್ ಮಾಡೋಣ, ಅದರಲ್ಲಿ ನಾನು ಹೊಲಿಗೆ ಕ್ಲಾಸ್ ನಡೆಸುತ್ತೇನೆ ಎಂದವಳು ನಾನು. ಆಗಲಿ ಎಂದವರು ನನ್ನ ಗಂಡ. ಆ ಮಾತಿಗೆ ನನ್ನ ಅತ್ತೆಯೇ ಸಾಕ್ಷಿ. ರಸ್ತೆಯ ಕಡೆಗಿನ ಕಿಂಡಿಗಳನ್ನು ಗೌಂಡಿಯ ತಲೆಯ ಮೇಲೆ ನಿಂತು ನಾನೇ ಬಿಡಿಸಿದ್ದೆ, ಸೂಜಿಗೆ ದಾರ ಪೋಣಿಸಲು ಹಗಲು ಹೊತ್ತಿನಲ್ಲಿ ದೀಪ ಹಚ್ಚುವಂತಾಗಬಾರದೆಂದು. ಮನೆಗೆ ಬಂದ ಮೇಲೂ ಕೆಳಗಿನ ಪ್ಲಾಸ್ಟರ್ ಬಾಕಿ ಉಳಿಯಿತು, ನೆಲ ಬಾಕಿ ಉಳಿಯಿತು. ಕ್ಲಾಸು ಮನೆಯ ಮುಂದಿನ ಕಟ್ಟೆಯ ಮೇಲೆ ನಡೆಯಿತು. ಮಳೆಯ ಎರಚಲು ಬಂದಾಗಲೆಲ್ಲ ಹುಡುಗಿಯರು ಯಂತ್ರಗಳನ್ನು ಗೋಡೆಗೆ ಎಳೆದುಕೊಂಡು ಕೂರುತ್ತಿದ್ದರು. ಅಂತೂ ಆ ಬೇಸಿಗೆಯಲ್ಲಿ ಕೆಳಗೆ ನೆಲ ಮುಗಿಯಿತು, ಸುಣ್ಣ ಬಳಿದದ್ದಾಯಿತು. ಮಿರುಗದ ಮಳೆ ಕೂಡುವುದರೊಳಗೆ ಎಲ್ಲರೂ ಕೆಳಗೆ ಹೋಗೋಣ ಎಂದು ಹುಡುಗಿಯರಿಗೆ ಹೇಳಿಬಿಟ್ಟಿದ್ದೆ.

ಅಷ್ಟರಲ್ಲಿ ನನ್ನ ಗಂಡನ ಫ್ಯಾಕ್ಟರಿ ಮುಚ್ಚಿತು. ಲಕಮನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ತಯಾರಿಸುತ್ತಿದ್ದ ಸಣ್ಣ ಫ್ಯಾಕ್ಟರಿ ಅದು. ಇವರು ವೈಂಡಿಂಗ್ ವಿಭಾಗದ ಸೂಪರ್‌ವೈಜರ್. ಮೊದಮೊದಲು ಪ್ಯಾಂಟು ಶರ್ಟು ಇಸ್ತ್ರಿ ಮಾಡಿ ತೊಟ್ಟು ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನ ತನಕ ಹೋಗಿ ಬರುತ್ತಿದ್ದರು. ಆಮೇಲೆ ಅದೂ ನಿಂತಿತು. ಕಟ್ಟೆಯ ಮೇಲೆ ನನ್ನ ಕ್ಲಾಸು ನಡೆಯುವಾಗ ಇವರು ಹಾಲಿನಲ್ಲಿ ಕುಳಿತು ಬಾಗಿಲ ಕಡೆಗೆ ಬೆನ್ನು ತಿರುಗಿಸಿ ರೇಡಿಯೊ ಹಚ್ಚುತ್ತಿದ್ದರು, ಒಂದಿಷ್ಟು ಜೋರಾಗಿಯೇ. ಒಂದು ದಿನ ಹಾಲಿನವನು ಗೇಟಿನಲ್ಲಿ ನಿಂತು, "ಈಗೇನ ಸಾಹೇಬ್ರ, ಮನಿ ಅಕ್ಕಾರ ಹೊಲಿಗಿ ಮ್ಯಾಲ ನಡದೈತೇನು?" ಎಂದು ಕೇಳಿಬಿಟ್ಟ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಇವರ ಮುಖ ನೋಡಿದೆ. ಇದು ಇಲ್ಲಿಗೆ ಮುಗಿಯುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಮುಗಿಯಲಿಲ್ಲ. ಫ್ಯಾಕ್ಟರಿಯ ಮ್ಯಾನೇಜರು ಕ್ವಾರ್ಟರ್ಸ್ ಖಾಲಿ ಮಾಡಿ ಹೋಗುವಾಗ ಬೇಡವಾದ ಸಾಮಾನನ್ನೆಲ್ಲ ಕೆಲಸಗಾರರಿಗೆ ಹಂಚಿ ಹೋದರು. ಒಬ್ಬರಿಗೆ ಕುರ್ಚಿ ಸಿಕ್ಕಿತು, ಒಬ್ಬರಿಗೆ ಕುಕ್ಕರ್. ನನ್ನ ಗಂಡ ಒಂದು ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದರು. ಒಳಗೆ ಅಂಗೈಯಗಲದ ಕೆಲವು ಕಾರುಗಳು, ಜೋಡಿಸಿದರೆ ರಸ್ತೆಯಾಗುವ ಒಡೆದ ಪ್ಲಾಸ್ಟಿಕ್ ಪಟ್ಟಿಗಳು, ವೈರಿನ ತುದಿಯಲ್ಲಿ ಪಿಸ್ತೂಲಿನ ಕುದುರೆಯಂಥ ಗುಂಡಿಗಳು. ಪ್ರತಿ ಕಾರಿನ ಹೊಟ್ಟೆಯಡಿಯಲ್ಲಿ ಒಂದು ಸಣ್ಣ ಮೊಳೆ. ಆ ಮೊಳೆ ರಸ್ತೆಯಲ್ಲಿ ಕೊರೆದ ಗೀರಿನಲ್ಲಿ ಕೂರುತ್ತದೆ, ಗೀರಿನ ಎರಡೂ ದಂಡೆಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ ಕರೆಂಟು. ಗುಂಡಿ ಒತ್ತಿದಷ್ಟು ಕಾರು ಓಡುತ್ತದೆ. ಹೆಚ್ಚು ಒತ್ತಿದರೆ ತಿರುವಿನಲ್ಲಿ ಹಾರಿ ಬೀಳುತ್ತದೆ. ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಇವರು ಇದನ್ನೆಲ್ಲ ವಿವರಿಸುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಫ್ಯಾಕ್ಟರಿ ಮುಚ್ಚಿದ ಮೇಲೆ ಆ ದನಿಯನ್ನು ಕೇಳಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಖುಷಿಯೇ ಆಗಿತ್ತು. ಊಟಕ್ಕೆ ಕೂತಾಗ ಮಾತು ಹೊರಬಿತ್ತು.

"ಪ್ಲಾಸ್ಟಿಕ್ಕಿಂದು ಬ್ಯಾಡ, ಕಟಗೀದು ಮಾಡ್ತೇನಿ. ದೊಡ್ಡದು. ಬೇಸಮೆಂಟಿನ್ಯಾಗ ರೇಸ್ ಸೆಂಟರ್ ತೆಗಿಯೂದು. ವಿಡಿಯೊ ಗೇಮಿಗೆ ಹುಡುಗೂರು ಸಾಲು ಹಚ್ಚತಾರಿಲ್ಲೋ, ಇದಕ್ಕ ಹೆಂಗ ಬರ್ತಾರ ನೋಡ್ರಿ."

"ಮತ್ತ ನನ್ನ ಕ್ಲಾಸು?"

"ಕಟ್ಟಿ ಮ್ಯಾಲ ನಡದೈತೆಲ್ಲ, ಅಲ್ಲೇ ನಡೀಲಿ."

"ಕಟ್ಟಿ ಮ್ಯಾಲ ಮಳಿ ಬರತೈತ್ರಿ."

"ತಾಡಪತ್ರಿ ಕಟ್ಟಿಸಿಕೊಡ್ತೇನಿ."

ನಾನು ಅತ್ತೆಯ ಮುಖ ನೋಡಿದೆ, ಮಾತಿಗೆ ಸಾಕ್ಷಿ ಇದ್ದವರು ಅವರು. ಮುಗದದ ಒಕ್ಕಲುತನದ ಮನೆಯಿಂದ ಬಂದ ಗಟ್ಟಿ ಹೆಂಗಸು, ಸುಳ್ಳು ಹೇಳುವವರಲ್ಲ. ಅವತ್ತೂ ಸುಳ್ಳು ಹೇಳಲಿಲ್ಲ. "ನಿನಗ ಕೊಡ್ತೇನಂದಿದ್ದ ಖರೇ," ಎಂದರು. "ಆವಾಗ ಅವಂಗ ನೌಕರಿ ಇತ್ತು. ಈಗ ಗಂಡಸಿಗೆ ಕೈಗೆ ಕೆಲಸ ಬೇಕಲ್ಲವಾ. ನೀ ಹೆಂಗರ ಹೊಲಿತಿ." ಕೆಲಸ ಗೊತ್ತಿರುವ ಹೆಂಗಸಿಗೆ ಜಾಗ ಬೇಕಾಗಿಲ್ಲ ಎಂಬ ಈ ನ್ಯಾಯ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಆ ವರ್ಷ ಮಳೆ ಹುಬ್ಬಳ್ಳಿಯ ರೀತಿಯಲ್ಲೇ ಬಂತು. ಧೋ ಎಂದು ಸುರಿದು ಬಿಡುವುದಿಲ್ಲ, ದಿನವಿಡೀ ಜಿಟಿಜಿಟಿ. ಓಣಿಯ ಎರಿ ಮಣ್ಣು ಚಪ್ಪಲಿಗೆ ಹತ್ತಿ ಮನೆಯೊಳಗೆ ಬರುತ್ತಿತ್ತು, ಒಣಹಾಕಿದ ಬಟ್ಟೆ ನಾರುತ್ತಿತ್ತು. ತಾಡಪತ್ರಿಯ ಕೆಳಗೆ ಹುಡುಗಿಯರು ಮೊಣಕಾಲು ಒದ್ದೆ ಮಾಡಿಕೊಂಡು ಗುಂಡಿಯ ಕಾಜು ಕೊರೆಯುವುದನ್ನು ಕಲಿಯುತ್ತಿದ್ದರು. ನಮ್ಮ ಕಾಲ ಕೆಳಗೆ, ನಾನು ಬಿಡಿಸಿದ ಕಿಂಡಿಗಳ ಬೆಳಕಿನಲ್ಲಿ, ನನ್ನ ಗಂಡ ಮತ್ತು ಬಡಿಗ ದಾವಲಸಾಬರು ರಸ್ತೆ ಕಟ್ಟುತ್ತಿದ್ದರು.

ದಾವಲಸಾಬರು ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದವರು. ಕೆಲಸಕ್ಕಿಂತ ಬಾಯಿ ಜೋರು. ಚಹಾ ಕೇಳಲು ಮೇಲೆ ಬಂದಾಗ, "ಅಕ್ಕಾರ, ನಾ ಮದವಿ ಮಂಚಾ ಮಾಡೇನಿ, ಸಾಲಿ ಬೆಂಚ ಮಾಡೇನಿ. ಕಾರಿಗೆ ಕಟಗಿ ರಸ್ತಾ ಮಾಡಿದ್ದು ಇದ ಮೊದಲು. ನಿಮ್ಮ ಸಾಹೇಬ್ರಿಗೆ ಛಲೋ ಹುಚ್ಚು ಹಿಡದೈತಿ ನೋಡ್ರಿ," ಎಂದರು.

"ನಿಮಗ ನಗಿ. ನನ್ನ ಹುಡಿಗ್ಯಾರು ಮಳ್ಯಾಗ ಕುಂತಾರ," ಎಂದೆ. ದಾವಲಸಾಬರು ಚಹಾದ ಕಪ್ಪು ತೆಗೆದುಕೊಂಡು ಇಳಿದು ಹೋದರು.

ಕೆಳಗೆ ದಪ್ಪ ಪ್ಲೈವುಡ್ಡಿನ ಹಾಸು. ಅದರ ಮೇಲೆ ತೆಳು ಪ್ಲೈವುಡ್ಡಿನ ತುಂಡುಗಳನ್ನು ತಿರುವಿಗೆ ತಕ್ಕಂತೆ ಕೊಯ್ದು, ನಡುವೆ ಸಣ್ಣ ಸಂದು ಬಿಟ್ಟು, ಬಿಳಿ ಗಮ್ಮಿನಿಂದ ಅಂಟಿಸುವುದು. ಆ ಸಂದೇ ಕಾರಿನ ದಾರಿ. ಹಗ್ಗ ಬಿಸಾಕಿದ ಹಾಗೆ ಸುತ್ತಿ ಬಳಸಿ ಬರುವ ದಾರಿ, ಅಕ್ಕಪಕ್ಕದಲ್ಲಿ ಎರಡು. ಎಲ್ಲಕ್ಕಿಂತ ಚೂಪಾದ ತಿರುವಿಗೆ ಇವರು 'ಮುಗದ ಕ್ರಾಸ್' ಎಂದು ಹೆಸರಿಟ್ಟಿದ್ದರು, ಅತ್ತೆಗೆ ಅದು ಬಹಳ ಮೆಚ್ಚುಗೆಯಾಗಿತ್ತು. ಒಂದು ಸಣ್ಣ ಕೋಣೆಯಷ್ಟು ಅಗಲದ ಈ ಹಾಸನ್ನು ಕಾಲು ಕೂರಿಸಿ ಒಳಗೇ ಕಟ್ಟಿದ್ದರಿಂದ, ಒಡೆಯದೆ ಅದು ಬಾಗಿಲಲ್ಲಿ ಹೊರಗೆ ಬರುವಂತಿರಲಿಲ್ಲ. ಅದು ಲೆಕ್ಕ ತಪ್ಪಿ ಆದದ್ದು ಎಂದು ದಾವಲಸಾಬರು ಹೇಳುತ್ತಿದ್ದರು. ಬೇಕೆಂದೇ ಮಾಡಿದ್ದು ಎಂದು ನಾನು ಈಗಲೂ ಹೇಳುತ್ತೇನೆ.

ತಾಮ್ರದ ಪಟ್ಟಿಯನ್ನು ಇವರು ಗುಜರಿಯಿಂದ ತಂದ ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದರು. ಪಟ್ಟಿಯ ಮೇಲಿನ ವಾರ್ನಿಷ್ ಹೋಗಬೇಕಲ್ಲ, ಹಿತ್ತಲಲ್ಲಿ ತಗಡಿನ ಮೇಲೆ ಹಾಕಿ ಸುಡಲು ಶುರು ಮಾಡಿದರು. ಮಳೆಗಾಲದ ಭಾರವಾದ ಗಾಳಿ, ಹೊಗೆ ಮೇಲೇಳದೆ ಮನೆಯ ಸುತ್ತಲೇ ಸುತ್ತಿತು. ಕಟ್ಟೆಯ ಮೇಲೆ ಹುಡುಗಿಯರು ಕೆಮ್ಮಿದರು. ಮದುವೆಯ ಮನೆಯವರು ಕೊಟ್ಟಿದ್ದ ಇಳಕಲ್ ಸೀರೆಗಳಿಗೆ ನಾನು ಅಂಚು ಮಡಿಸುತ್ತಿದ್ದೆ, ವಾಸನೆ ಅವುಗಳಲ್ಲಿ ಕೂತುಬಿಟ್ಟಿತು. ಹಿತ್ತಲಿಗೆ ಹೋಗಿ ಕೊಡ ತುಂಬ ನೀರು ಬೆಂಕಿಗೆ ಸುರಿದೆ. ಇವರು ಎದ್ದು ನಿಂತರು. ಹೊಡೆಯುತ್ತಾರೋ ಎಂದುಕೊಂಡೆ. ಹೊಡೆಯಲಿಲ್ಲ. ಒದ್ದೆ ಪಟ್ಟಿಗಳನ್ನು ಆರಿಸಿಕೊಂಡು ತಗಡನ್ನು ಇನ್ನಷ್ಟು ದೂರ ಎಳೆದುಕೊಂಡು ಹೋಗಿ, ಮತ್ತೆ ಕಡ್ಡಿ ಗೀರಿದರು.

ಆಮೇಲೆ ಕತ್ತರಿಯ ಜಗಳ. ನನ್ನ ಬಟ್ಟೆ ಕತ್ತರಿಸುವ ಕತ್ತರಿಯನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಾಗದಕ್ಕೆ ತಾಗಿಸಿದರೂ ಅದರ ಬಾಯಿ ಹೋಗುತ್ತದೆ. ಒಂದು ಮಧ್ಯಾಹ್ನ ರೇಷ್ಮೆಯ ಕುಪ್ಪಸದ ಬಟ್ಟೆಗೆ ಕತ್ತರಿ ಹಾಕಿದರೆ ಬಟ್ಟೆ ಜಗಿದ ಹಾಗೆ ಮಡಚಿಕೊಂಡಿತು. ಅಲಗನ್ನು ಬೆಳಕಿಗೆ ಹಿಡಿದು ನೋಡಿದೆ, ತಾಮ್ರದ ಕೆಂಪು ಪುಡಿ.

ಮೆಟ್ಟಿಲಿಳಿದು ಹೋಗಿ ಕತ್ತರಿಯನ್ನು ಅವರ ರಸ್ತೆಯ ಮೇಲೆ ಕುಕ್ಕಿದೆ.

"ನಿಮ್ಮ ಹತಾರ ನಾ ಮುಟ್ಟೇನೇನು ಎಂದರ?"

"ಕತ್ರಿ ಐತಿ, ಕತ್ತರಸೇನಿ. ಅದಕ್ಯಾಕ ಇಷ್ಟ ಬಾಯಿ ಮಾಡ್ತಿ?"

"ಹೋಗ್ರಿ ಮತ್ತ, ನಿಮ್ಮ ಕರೆಂಟ್ ನೋಡೂ ಮೀಟರ್ ತಗೊಂಡು ನಾ ಶೇಂಗಾ ಕುಟ್ತೇನಿ."

ದಾವಲಸಾಬರು ಬೇರೆ ಕಡೆ ಮುಖ ಮಾಡಿ ನಕ್ಕರು. ಅವತ್ತಿನಿಂದ ನಾವು ಗಂಡ ಹೆಂಡತಿ ನೇರವಾಗಿ ಮಾತಾಡುವುದು ಬಿಟ್ಟೆವು. ಅತ್ತೆಯ ಮುಖಾಂತರ ಮಾತು. "ಊಟಕ್ಕ ಬರ್ರಿ ಅನ್ರಿ ಅವರಿಗೆ." "ಹಸಿವಿಲ್ಲಂತ ಹೇಳವ್ವಾ ಆಕೀಗೆ." ಎರಡು ಮಾರು ದೂರದಲ್ಲಿ ಕುಳಿತವರಿಗೆ ಅತ್ತೆ ಗಂಭೀರವಾಗಿ ಸುದ್ದಿ ಮುಟ್ಟಿಸುತ್ತಿದ್ದರು.

ಒಂದು ಸಂಗತಿ ಹೇಳಲೇಬೇಕು, ಬಚ್ಚಿಟ್ಟರೆ ಕತೆ ಪೂರ್ತಿಯಾಗುವುದಿಲ್ಲ. ಮಹಾಲಯ ಮುಗಿಯುವ ಹೊತ್ತಿಗೆ ರಸ್ತೆಗೆ ಕಪ್ಪು ಬಣ್ಣ ಬಳಿದಾಗಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕೆಳಗಿಳಿದೆ. ಸಂದಿನ ದಂಡೆಗಳ ಮೇಲೆ ಬೆರಳಾಡಿಸಿದೆ. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ತಾಮ್ರದ ಪಟ್ಟಿ ಮುಗದ ಕ್ರಾಸಿನ ತಿರುವಿನಲ್ಲೂ ಎಲ್ಲಿಯೂ ಸುಕ್ಕಾಗಿರಲಿಲ್ಲ. ನೆಟ್ಟಗಿರುವ ಪಟ್ಟಿಯನ್ನು ದುಂಡಗೆ ಕೂರಿಸುವುದು ಎಂಥ ಕೆಲಸ ಎಂದು ಕುಪ್ಪಸದ ಕಂಕುಳಿಗೆ ಪಟ್ಟಿ ಹಚ್ಚಿದವಳಿಗೆ ಗೊತ್ತಿರುತ್ತದೆ. ಸ್ವಿಚ್ ಹಾಕಿ ಕೆಂಪು ಕಾರನ್ನು ಸಂದಿನಲ್ಲಿ ಇಟ್ಟು ಗುಂಡಿ ಒತ್ತಿದೆ. ಅದು ಓಡಿತು. ಸುತ್ತು ಹಾಕಿ ನನ್ನ ಮುಂದೆಯೇ ಬಂತು. ಇನ್ನೂ ಒತ್ತಿದೆ. ಬಾಯಿಬಿಟ್ಟು ನಕ್ಕೆ ಎಂದು ಕಾಣುತ್ತದೆ, ಆ ಖಾಲಿ ಕೋಣೆಯಲ್ಲಿ ನನ್ನದೇ ದನಿ ನನಗೆ ಕೇಳಿಸಿತು. ಮುಗದ ಕ್ರಾಸಿನಲ್ಲಿ ಕಾರು ಹಾರಿ ಗೋಡೆಗೆ ಬಿತ್ತು. ಎತ್ತಿಟ್ಟು ಮೇಲೆ ಬಂದೆ. ಕೆಲಸ ಛಲೋ ಇತ್ತು, ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಉದ್ಘಾಟನೆ ದಸರೆಗೆ ನಿಶ್ಚಯವಾಯಿತು. ಖಂಡೇನವಮಿಗೆ ಪೂಜೆ, ಮರುದಿನ ಸಂಜೆ ಬನ್ನಿ ಮುಡಿದ ಮೇಲೆ ಓಣಿಯವರೆಲ್ಲರ ಎದುರು ಮೊದಲ ರೇಸ್. ನಮ್ಮ ಕಡೆ ಖಂಡೇಪೂಜೆಗೆ ಎಲ್ಲ ಹತಾರಗಳನ್ನೂ ತೊಳೆದು ಪೂಜಿಸುತ್ತಾರೆ. ಮಚ್ಚು, ಕುಡುಗೋಲು, ತಕ್ಕಡಿ, ಸೈಕಲ್ಲು, ಹೊಲಿಗೆ ಯಂತ್ರ. ಪೂಜೆಯಾದ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಅವನ್ನು ಮುಟ್ಟುವಂತಿಲ್ಲ. ಇಟ್ಟದ್ದು ಇಟ್ಟ ಹಾಗೆಯೇ ಇರಬೇಕು.

ಕೆಳಗಿನ ಪೂಜೆ ಅತ್ತೆಯದು. ನಾನು ಬಾಗಿಲಲ್ಲಿ ನಿಂತಿದ್ದೆ. ಓಣಿಯ ನಾಲ್ಕಾರು ಹೆಂಗಸರು ಇದ್ದರು, ದಾವಲಸಾಬರು ಹೊಸ ಅಂಗಿ ತೊಟ್ಟು ಬಂದಿದ್ದರು. ಚೆಂಡುಹೂವಿನ ಮಾಲೆಗಳು, ಕಬ್ಬಿನ ಜಲ್ಲೆ. ಕಾರಿನ ಗಾಲಿಗೆ ನಿಂಬೆಹಣ್ಣು ಇಡಲು ಹೋದರೆ ಹಣ್ಣೇ ಕಾರಿನಷ್ಟಿತ್ತು. ಹೋಳು ಮಾಡಿ ತಾಮ್ರದ ಪಟ್ಟಿಯ ಮೇಲೆಯೇ ಇಟ್ಟರು. ಅಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರು ತುಂಬಿದ ತಂಬಿಗೆ ಎತ್ತಿದರು. ಮುಗದದಲ್ಲಿ ಚಕ್ಕಡಿಗೆ, ಟ್ರ್ಯಾಕ್ಟರಿಗೆ ಪೂಜೆ ಮಾಡಿದವರು. ಗಾಡಿ ಎಂದ ಮೇಲೆ ಮೊದಲು ತೊಳೆಯಬೇಕು, ಅದು ಅವರ ಶಾಸ್ತ್ರ.

ಯಾಕೆ ಬಾಯಿ ತೆರೆದೆನೋ. ಆ ರಸ್ತೆ ಹಾಳಾಗಲಿ ಎಂದು ಮಳೆಗಾಲವೆಲ್ಲ ಹಾರೈಸಿದವಳು ನಾನು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿಯೇ ಕತ್ತರಿ ಹಚ್ಚುವ ಕೈ ನನ್ನದು. ನೀರು ಯಾವುದನ್ನು ಏನು ಮಾಡುತ್ತದೆ ಎಂಬುದು ಬಾಯಿಗೆ ತಾನಾಗಿ ಬಂತು.

"ಅತ್ತೀ, ನೀರು ಹಾಕಬ್ಯಾಡ್ರಿ. ಕಟಗಿ ಉಬ್ಬತೈತಿ, ಕೆಡತೈತಿ."

ಹೆಂಗಸರು ತಿರುಗಿ ನೋಡಿದರು. ಅತ್ತೆಯ ಮುಖ ಕೆಂಪಾಯಿತು.

"ಶುಭ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ."

ನಾನು ಗಂಡನ ಕಡೆ ನೋಡಿದೆ. ಮರ, ತಾಮ್ರ, ಕರೆಂಟು ಎಲ್ಲ ಗೊತ್ತಿರುವ ಮನುಷ್ಯ. ಅವರಿಗೂ ಗೊತ್ತಿತ್ತು, ಕಣ್ಣಲ್ಲಿ ಕಂಡಿತು. ಹೇಳಿದವಳು ನಾನು ಎಂಬುದೊಂದೇ ಅಡ್ಡ ಬಂತು.

"ಆಕೀಗೆ ಹೊಟ್ಟಿಕಿಚ್ಚು. ನೀ ಹಾಕವ್ವಾ," ಎಂದರು.

ಅತ್ತೆ ಹಾಕಿದರು. ರಸ್ತೆಯುದ್ದಕ್ಕೂ ನೀರು, ಅದರ ಮೇಲೆ ಅರಿಷಿಣ ಕುಂಕುಮ, ವಿಭೂತಿಯ ಪಟ್ಟಿ. ಕೊನೆಗೆ ರೇಸ್ ಹೊರಡುವ ಗೆರೆಯ ಮೇಲೆಯೇ ಕಾಯಿ ಒಡೆದರು. ಕಾಯಿಯ ನೀರು ಸಂದಿನಲ್ಲಿ ಹರಿದು ಮುಗದ ಕ್ರಾಸಿನ ತನಕ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆಗಲೇ ಬಟ್ಟೆಯಿಂದ ಒರೆಸಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಪೂಜೆಯಾದದ್ದನ್ನು ಮುಟ್ಟುವಂತಿಲ್ಲವಲ್ಲ. ಬಾಗಿಲು ಎಳೆದುಕೊಂಡು ಎಲ್ಲರೂ ಹೋಳಿಗೆ ಊಟಕ್ಕೆ ಹತ್ತಿದರು.

ಮರುದಿನ ಸಂಜೆ ಓಣಿಯೆಲ್ಲ ನಮ್ಮ ಬೇಸ್‌ಮೆಂಟಿನಲ್ಲಿತ್ತು. ಬನ್ನಿ ಕೊಡುತ್ತ, ತೆಗೆದುಕೊಳ್ಳುತ್ತ, "ಬಂಗಾರದಂಗ ಇರೂಣು" ಎನ್ನುತ್ತ ಜನ ಇಳಿದು ಬಂದರು. ನನ್ನ ಗಂಡ ಇಸ್ತ್ರಿ ಮಾಡಿದ ಫ್ಯಾಕ್ಟರಿಯ ಶರ್ಟು ತೊಟ್ಟಿದ್ದರು. ಹೂವು ಸರಿಸಿದಾಗಲೇ ದಾವಲಸಾಬರ ಮುಖ ಇಳಿಯಿತು. ತೆಳು ಪ್ಲೈವುಡ್ಡಿನ ಅಂಚುಗಳು ಒದ್ದೆ ಹಪ್ಪಳದ ಹಾಗೆ ಎದ್ದಿದ್ದವು. ಸಂದು ಮುಚ್ಚಿತ್ತು. ನಿಂಬೆಯ ಹೋಳು ಇಟ್ಟಲ್ಲಿ ತಾಮ್ರ ಹಸಿರುಗಟ್ಟಿತ್ತು. ಇವರು ಕಾರನ್ನು ಇಟ್ಟರು, ಮೊಳೆ ಕೂರಲಿಲ್ಲ. ಬೆರಳಿನಿಂದ ಒತ್ತಿದರು. ಇನ್ನೊಂದು ಕಾರು ಇಟ್ಟರು. ಗುಂಡಿ ಒತ್ತಿದರು. ಗಮ್ಮು ಬಿಟ್ಟು ಎದ್ದು ನಿಂತಿದ್ದ ಪಟ್ಟಿಗಳು ಎಲ್ಲೋ ಒಂದಕ್ಕೊಂದು ತಾಗಿದವು, ಚಟ್ ಎಂದು ಕಿಡಿ ಹಾರಿತು, ರಸ್ತೆಗೆ ಕರೆಂಟು ಕೊಡುವ ಇನ್ನೊಂದು ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಬಂತು. ಅದೇ ವಾಸನೆ. ಹುಡುಗರು ಹೋ ಎಂದು ನಕ್ಕರು.

ಆ ನಗೆಯ ನಡುವೆ ಅತ್ತೆಯ ದನಿ ಎಲ್ಲರಿಗೂ ಕೇಳುವಂತೆ ಬಂತು.

"ನಿನ್ನಿ ಆಕಿ ನುಡದಿದ್ದಳಲ್ಲಾ. ಕರಿ ನಾಲಗಿ. ನಡೀತು ನೋಡ್ರಿ."

ಕೋಣೆಯಲ್ಲಿದ್ದ ಕಣ್ಣೆಲ್ಲ ನನ್ನ ಕಡೆ ತಿರುಗಿದವು. ನಾನು ಗಂಡನ ಕಡೆ ನೋಡಿದೆ. ಅವರು ಹೇಳಬೇಕಾದದ್ದು ಒಂದೇ ಒಂದು ಮಾತು: ಆಕಿ ಹೇಳಿದ್ದು ಖರೇ ಇತ್ತು, ಕೆಡಿಸಿದ್ದು ನೀರು. ಇಷ್ಟೇ. ಅವರು ಕೈಯಲ್ಲಿದ್ದ ಕಾರನ್ನು ತಿರುವಿ ಅದರ ಮೊಳೆ ನೋಡುತ್ತ ನಿಂತರು. ಅವರಿಗೆ ಕೊಡಲೆಂದು ನನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಬನ್ನಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಉದುರಿಸಿ ಮೇಲೆ ಬಂದೆ.

ಮಾತು ಓಣಿಯಲ್ಲಿ ಹರಡಲು ತಡವಾಗಲಿಲ್ಲ. ಕರಿ ನಾಲಿಗೆಯವಳ ಕೈಯಲ್ಲಿ ಮದುವೆಯ ಬಟ್ಟೆ ಯಾರು ಹೊಲಿಸುತ್ತಾರೆ? ದೀಪಾವಳಿಯ ನಂತರದ ಲಗ್ನಗಳಿಗೆಂದು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬಂದು, "ಇನ್ನೂ ಕತ್ತರಿ ಹಚ್ಚಿಲ್ಲಲ್ರಿ? ಹಂಗಾರ ಸದ್ಯಕ್ಕ ಇರಲಿ ಕೊಡ್ರಿ," ಎಂದು ಬಟ್ಟೆ ಹಿಂದೆ ಒಯ್ದರು. ಬಸುರಿ ಮಗಳನ್ನು ಕರೆದುಕೊಂಡು ಹೋಗುವ ನೆರೆಯವಳು ನಮ್ಮ ಗೇಟು ಬಂದರೆ ಆಚೆ ಬದಿಗೆ ದಾಟುತ್ತಿದ್ದಳು. ನಾನು ಹೊಲಿಗೆಯಿಂದ ತಲೆಯೆತ್ತದೆ ಎಲ್ಲವನ್ನೂ ನೋಡುತ್ತಿದ್ದೆ. ಒಂದು ದಿನ ಮಧ್ಯಸ್ಥಿಕೆ ಬಿಟ್ಟು ನೇರವಾಗಿ ಕೇಳಿದೆ.

"ಜನರಿಗೆ ಒಂದ ಮಾತ ಹೇಳ್ರಿ. ನೀರಿನಿಂದ ಕೆಟ್ಟಿದ್ದಂತ ಹೇಳ್ರಿ. ನನ್ನ ಹೊಟ್ಟಿ ಮ್ಯಾಲ ಕಾಲ ಬಿದ್ದೈತಿ."

"ನಮ್ಮವ್ವನ್ನ ಓಣ್ಯಾಗ ಸುಳ್ಳಾಕಿ ಮಾಡ್ಲೇನು?"

"ನನ್ನ ಮಾಡಿದ್ರೆಲ್ಲ?"

ಅವರು ಕೆಳಗಿಳಿದು ಬೇಸ್‌ಮೆಂಟಿಗೆ ಕೀಲಿ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ತಮ್ಮ ರಸ್ತೆ ಕೊಳೆತರೂ ಸರಿ, ಅಲ್ಲಿ ನನ್ನ ಯಂತ್ರ ಕೂರಬಾರದು. ಕೆಲವು ವಾರಗಳಲ್ಲಿ ಅವರಿಗೆ ಹಳೇ ಹುಬ್ಬಳ್ಳಿಯ ಒಂದು ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವರು ಹೋದದ್ದೇ ನಾನು ದಾವಲಸಾಬರನ್ನು ಕರೆಸಿದೆ.

"ಕೀಲಿ ಒಡೀಬ್ಯಾಡ್ರಿ. ಬಾಗಲಾ ಬಿಜಾಗ್ರಿ ಬಿಚ್ಚಿ ತಗೀರಿ."

"ಅಕ್ಕಾರ, ಸಾಹೇಬ್ರು ನನ್ನ ಬೈತಾರ."

"ಬಾಗಲಾ ಹಚ್ಚಿದವರು ನೀವು. ತಗದವರೂ ನೀವ ಅಂತ ನಾ ಹೇಳ್ತೇನಿ. ಬೈದ್ರ ನನ್ನ ಬೈಲಿ."

ದಾವಲಸಾಬರು ತಲೆ ಕೆರೆದುಕೊಂಡು, ಚೌಕಟ್ಟಿಗೆ ಹಚ್ಚಿದ್ದ ಬಿಜಾಗ್ರಿಗಳ ಸ್ಕ್ರೂ ಬಿಚ್ಚಿದರು. ಕೀಲಿ ಹಾಕಿದ ಬಾಗಿಲನ್ನು ಕೀಲಿಯ ಸಮೇತ ಗೋಡೆಗೆ ಒರಗಿಸಿದೆವು. ರಸ್ತೆ ಹೊರಗೆ ಬರುವಂತಿರಲಿಲ್ಲ, ಒಡೆಯಲು ನಾನೂ ಹೇಳಲಿಲ್ಲ. ಎರಡು ಕಂಬಳಿ ಹಾಸಿ, ಮೇಲೆ ಚಾದರ ಎಳೆದು ಕಟ್ಟಿದೆ. ಬಟ್ಟೆ ಹಾಸಿ ಕತ್ತರಿಸಲು ಅಷ್ಟು ದೊಡ್ಡ ಮೇಜು ಹುಬ್ಬಳ್ಳಿಯ ಯಾವ ಟೇಲರ್ ಹತ್ತಿರವೂ ಇರಲಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಬಟ್ಟೆ ಸರಿಯದಂತೆ ಭಾರಕ್ಕೆ ಇಟ್ಟುಕೊಂಡೆ. ಹುಡುಗಿಯರು ಯಂತ್ರಗಳನ್ನು ಇಳಿಸಿದರು. ಅವರಿಗೆ ನನ್ನ ನಾಲಿಗೆಯ ಬಣ್ಣದ ಚಿಂತೆ ಇರಲಿಲ್ಲ, ಮೊಣಕಾಲು ಒಣಗಿದರೆ ಸಾಕಿತ್ತು. ಸಂಜೆ ಇವರು ಬಂದರು, ಗೋಡೆಗೆ ಒರಗಿದ ಬಾಗಿಲು ನೋಡಿದರು, ಚಾದರದ ಕೆಳಗಿನ ತಮ್ಮ ರಸ್ತೆ ನೋಡಿದರು, ಮೇಲೆ ಹೋಗಿ ಊಟ ಮಾಡಿ ಮಲಗಿದರು. ಆ ಕೀಲಿಕೈ ಬಹಳ ಕಾಲ ಅವರ ಉಡದಾರದಲ್ಲೇ ಇತ್ತು.

ಮದುವೆಯ ಬಟ್ಟೆಗಳು ತಿರುಗಿ ಬರಲು ವರ್ಷಗಳೇ ಹಿಡಿದವು. ಹಳಬರು ಹೋಗಬೇಕಾಯಿತು, ಓಣಿಗೆ ಹೊಸಬರು ಬರಬೇಕಾಯಿತು. ಅತ್ತೆ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಅವರನ್ನು ಎತ್ತಿ ಕೂರಿಸಿ ಉಣಿಸಿದವಳು ನಾನೇ. ಅವರೂ ಆ ಕರಿ ನಾಲಿಗೆಯ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾವು ಗಂಡ ಹೆಂಡತಿಯ ನಡುವೆ ಮಾತು ಮತ್ತೆ ಶುರುವಾಯಿತು, ಮಕ್ಕಳ ಫೀಸು, ಗ್ಯಾಸಿನ ಸಿಲಿಂಡರು ಎಂದು ಎಷ್ಟು ಬೇಕೋ ಅಷ್ಟು. ನನಗೆ ಬೇಕಾಗಿದ್ದ ಆ ಒಂದು ಮಾತು ಮಾತ್ರ ಬರಲಿಲ್ಲ. ಕಾದು ಕಾದು ಅದು ಬರುವುದಿಲ್ಲ ಎಂದು ಗೊತ್ತಾದ ಮೇಲೂ ನನ್ನ ಸಿಟ್ಟು ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಹೋದ ಶ್ರಾವಣದಲ್ಲಿ ಮೋಟಾರು ಸುಟ್ಟಾಗ ಅಂಗಡಿಗೆ ಕೊಡುತ್ತೇನೆ ಎಂದೆನಲ್ಲ, ಕೊಡುವ ಮೊದಲೇ ಅದು ಮೇಜಿನಿಂದ ಮಾಯವಾಗಿತ್ತು. ಇವರು ಹಿತ್ತಲಲ್ಲಿ ಕುಳಿತು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು, ಕೂದಲಿನಷ್ಟು ಸಣ್ಣ ತಂತಿ ಸುತ್ತುತ್ತಿದ್ದರು. ಕೈ ನಡುಗುತ್ತದೆ ಈಗ. ತಂತಿ ಹರಿಯಿತು, ಮತ್ತೆ ಮೊದಲಿನಿಂದ ಸುತ್ತಿದರು. ನಾನು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ದಸರೆಯ ಹೊತ್ತಿಗೆ ಮೋಟಾರು ಯಂತ್ರಕ್ಕೆ ಬಂದು ಕೂತಿತ್ತು. ಮೊದಲಿಗಿಂತ ಹಗುರಾಗಿ ಓಡುತ್ತದೆ, ಅದು ಬೇರೆ ಮಾತು.

ಖಂಡೇನವಮಿಯ ದಿನ ಬೇಸ್‌ಮೆಂಟಿನಲ್ಲಿ ಯಂತ್ರಕ್ಕೆ ಪೂಜೆ ಇಟ್ಟೆ, ಆ ಮೇಜಿನ ಪಕ್ಕದಲ್ಲೇ. ಕಂಬಳಿಯ ಕೆಳಗೆ ಕಪ್ಪು ರಸ್ತೆ ಇನ್ನೂ ಇದೆ. ಕತ್ತರಿ, ಟೇಪು, ದಾರದ ಉಂಡೆಗಳಿಗೆ ಕುಂಕುಮ ಹಚ್ಚಿದೆ. ಅತ್ತೆಯ ತಂಬಿಗೆ ಎತ್ತಿಕೊಂಡೆ. ಬಾಗಿಲಲ್ಲಿ ಇವರು ನಿಂತದ್ದು ನನಗೆ ಗೊತ್ತಿರಲಿಲ್ಲ.

"ನೀರು ಹಾಕಬ್ಯಾಡ. ಕೆಡತೈತಿ."

ನನ್ನ ಮಾತು. ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ನನ್ನ ಮಾತು, ಈ ಕೋಣೆಯಲ್ಲೇ ಆಡಿದ್ದು. ಅದು ಎಲ್ಲಿಂದ ಬಂತೆಂದು ಅವರ ಮುಖಕ್ಕೆ ಗೊತ್ತೇ ಇರಲಿಲ್ಲ. ತಾವೇ ಕಂಡುಹಿಡಿದ ಬುದ್ಧಿಮಾತಿನಂತೆ ಹೇಳಿ ನಿಂತಿದ್ದರು.

"ಶುಭ ಹೊತ್ತಿನ್ಯಾಗ ಅಪಶಕುನ ನುಡೀಬ್ಯಾಡ್ರಿ," ಎಂದೆ.

ಆಗ ಗೊತ್ತಾಯಿತು ಅವರಿಗೆ. ಏನಾದರೂ ಹೇಳುತ್ತಾರೋ ಎಂದು ತಂಬಿಗೆ ಹಿಡಿದು ಕಾದೆ. ಬೇಗ ಬೇಗ ಬಂದು, ತಾವು ಕಟ್ಟಿದ ಮೋಟಾರಿನ ಮೇಲೆ ಎರಡೂ ಅಂಗೈ ಮುಚ್ಚಿ ನಿಂತರು. ನಾನು ಕೈ ತಡೆಯಲಿಲ್ಲ. ನೀರು ಅವರ ಕೈ ಮೇಲೆ ಬಿತ್ತು, ಬೆರಳ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿತು. ಸುತ್ತ ಕೋಣೆಯ ತುಂಬ ಬಟ್ಟೆ ಇತ್ತು. ಒರೆಸಿಕೊಳ್ಳಲು ಒಂದು ಚೂರೂ ಕೊಡಲಿಲ್ಲ.